ಕಡಮತ್ತಿನ ಹವಳದ ದಿಬ್ಬ

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಬಿಳಿಯ ಹವಳದ ತುಂಡೊಂದಿದೆ. ಎಲೆ ಉದುರಿದ ಪುಟ್ಟ ಮರದಂತೆ ಕವಲೊಡೆದಿರುವ ಅದನ್ನು, ಹಡಗಿನಲ್ಲಿ ದುಡಿಯುತ್ತಿದ್ದ ಊರ ಹಿರಿಯರೊಬ್ಬರು ಎಷ್ಟೋ ದಶಕಗಳ ಹಿಂದೆ, ಅಂಥವನ್ನು ಕಡಲಿನಿಂದ ತರಬಾರದೆಂಬ ಕಾನೂನು ಬರುವುದಕ್ಕೆ ಬಹಳ ಮುಂಚೆ, ಶಾಲೆಗೆ ಕೊಟ್ಟಿದ್ದರಂತೆ. ಅದಕ್ಕೆ ದಾರದಿಂದ ಕಟ್ಟಿದ ಚೀಟಿಯಲ್ಲಿ ‘ಹವಳ – ಸಮುದ್ರದ ಗಿಡ’ ಎಂದು ಬರೆದಿದ್ದಿತು. ಅಕ್ಷರಗಳು ನನ್ನವೇ. ಅಧ್ಯಾಪಕನಾಗಿ ಸೇರಿದ ಮೊದಲ ವರ್ಷ, ಕಪಾಟನ್ನು ಒಪ್ಪಗೊಳಿಸುವ ಉತ್ಸಾಹದಲ್ಲಿ, ಹರಿದುಹೋಗಿದ್ದ ಹಳೆಯ ಚೀಟಿಯಲ್ಲಿದ್ದುದನ್ನೇ ದುಂಡಗೆ ನಕಲು ಮಾಡಿ ಕಟ್ಟಿದ್ದೆನು. ಅಂದಿನಿಂದ ಸುಮಾರು ಮೂವತ್ತು ತಂಡಗಳ ಮಕ್ಕಳಿಗೆ ಅದನ್ನು ತೋರಿಸಿ ಅದೇ ಮಾತನ್ನು ಹೇಳಿದ್ದೇನೆ.

೨೦೨೪ರ ಮಳೆಗಾಲದಲ್ಲಿ ಏಳನೆಯ ತರಗತಿಯ ಬಾಲಿಕೆಯೊಬ್ಬಳು ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದಳು: “ಸರ್, ಗಿಡ ಒಣಗಿದರೆ ಕಟ್ಟಿಗೆಯಾಗಬೇಕಲ್ಲ, ಇದೇಕೆ ಕಲ್ಲಾಗಿದೆ? ನಮ್ಮಜ್ಜಿ ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪಿನೊಳಗೆ ಪ್ರಾಣಿ ಇರುತ್ತದೆ. ಇದರೊಳಗೂ ಇದ್ದಿತೇ?”

“ಸಮುದ್ರದ ಗಿಡಗಳು ಹಾಗೆಯೇ” ಎಂದು ಹೇಳಿ ಪಾಠ ಮುಂದುವರಿಸಿದೆನು. ಆದರೆ ಆ ಉತ್ತರ ನನಗೇ ಹಿಡಿಸಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಹವಳದ ತುದಿಗೆ ನಿಂಬೆಹುಳಿಯ ಎರಡು ಹನಿ ಬಿಟ್ಟೆನು. ಸುಣ್ಣದ ಕಲ್ಲಿನಂತೆಯೇ ಸಣ್ಣಗೆ ನೊರೆಯೆದ್ದಿತು. ಆ ರಾತ್ರಿ ಪುಸ್ತಕ ತೆರೆದು ಓದಿದಾಗ ತಿಳಿಯಿತು: ಪ್ರಶ್ನೆ ಕೇಳಿದವಳು ಸರಿ, ಮೂವತ್ತು ವರ್ಷ ಉತ್ತರ ಹೇಳಿದವನು ತಪ್ಪು.

ಈ ತಪ್ಪಿನಲ್ಲಿ ನನಗೆ ದೊಡ್ಡ ದೊಡ್ಡವರ ಜೊತೆ ಇದೆಯೆಂಬುದು ಸ್ವಲ್ಪ ಸಮಾಧಾನ. ಹವಳಕ್ಕೆ ನಮ್ಮ ಹಿರಿಯರು ಇಟ್ಟ ‘ವಿದ್ರುಮ’ವೆಂಬ ಹೆಸರಿನಲ್ಲಿ ದ್ರುಮ, ಅಂದರೆ ಮರ, ಅಡಗಿದೆ. ‘ಪ್ರವಾಳ’ಕ್ಕೆ ಚಿಗುರು ಎಂಬ ಅರ್ಥವೂ ಉಂಟು. ಆದರೆ ಅಮರಕೋಶವು ಇವೆರಡನ್ನೂ ಇರಿಸಿದ್ದು ಮುತ್ತುರತ್ನಗಳ ಸಾಲಿನಲ್ಲಿ. ಹೆಸರು ಗಿಡದ್ದು, ಸ್ಥಾನ ಕಲ್ಲಿನದು. ಪಶ್ಚಿಮದಲ್ಲಿಯೂ ಹಾಗೆಯೇ ಆಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಟಲಿಯ ಮಾರ್ಸಿಲಿ ಎಂಬ ವಿದ್ವಾಂಸನು ಕೆಂಪು ಹವಳವನ್ನು ಕಡಲ ನೀರಿನಲ್ಲಿಟ್ಟು, ಅದು ಬಿಳಿಯ ‘ಹೂ’ ಬಿಡುವುದನ್ನು ಕಂಡು, ಗಿಡವೆಂಬುದು ಸಿದ್ಧವಾಯಿತೆಂದು ಸಾರಿದನು. ೧೭೨೦ರ ದಶಕದಲ್ಲಿ ಮಾರ್ಸೇಲ್ಸ್ ನಗರದ ವೈದ್ಯ ಪೇಸೊನೆಲ್, ಆ ಹೂಗಳು ಮುಟ್ಟಿದರೆ ಮುದುಡುತ್ತವೆ, ಅವು ಪುಟ್ಟ ಪ್ರಾಣಿಗಳು ಎಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದನು. ಯಾರೂ ನಂಬಲಿಲ್ಲ. ಹಿರಿಯ ವಿಜ್ಞಾನಿ ರೋಮುರ್, ಪಾಪ ಇವನ ಮರ್ಯಾದೆ ಉಳಿಯಲಿ ಎಂದು, ಹೆಸರನ್ನೇ ಮರೆಮಾಡಿ ಆ ಮಾತನ್ನು ಸಭೆಯ ಮುಂದಿಟ್ಟನಂತೆ! ೧೭೪೦ರ ದಶಕದಲ್ಲಿ ಟ್ರೆಂಬ್ಲಿ ಎಂಬಾತ ಕೊಳದ ಹೈಡ್ರಾ ಜೀವಿಯನ್ನು ಪರೀಕ್ಷಿಸಿ ತೋರಿಸಿದ ಮೇಲೆಯೇ ಪೇಸೊನೆಲ್‌ನ ಮಾತಿಗೆ ಬೆಲೆ ಬಂದಿತು. ಆಗಲೂ ಲಿನೇಯಸ್ ೧೭೫೮ರ ತನ್ನ ಗ್ರಂಥದಲ್ಲಿ ಹವಳಗಳನ್ನು ‘ಪ್ರಾಣಿ-ಸಸ್ಯ’ಗಳೆಂಬ ನಡುವಣ ಹೆಸರಿನ ಗುಂಪಿನಲ್ಲಿಯೇ ಇಟ್ಟನು.

ಓದಿದ್ದು ಸಾಲದು, ಕಣ್ಣಾರೆ ಕಾಣಬೇಕೆಂಬ ಆಸೆ ಹುಟ್ಟಿತು. ನನ್ನ ಶಿಕ್ಷಕ ತರಬೇತಿಯ ದಿನಗಳ ಸಹಪಾಠಿಯೊಬ್ಬರು ಲಕ್ಷದ್ವೀಪದ ಕಡಮತ್ ದ್ವೀಪದವರು. ಅವರಿಗೆ ಕಾಗದ ಬರೆದೆನು. ದ್ವೀಪಕ್ಕೆ ಹೋಗಲು ಬೇಕಾದ ಅನುಮತಿ ಪತ್ರದ ಏರ್ಪಾಡನ್ನು ಅವರೇ ಮಾಡಿದರು. ೨೦೨೪ರ ಡಿಸೆಂಬರ್ ರಜೆಯಲ್ಲಿ ಕೊಚ್ಚಿಯಿಂದ ಹಡಗು ಹತ್ತಿದೆನು.

ಕಡಮತ್ ನಮಗೆ ಪರಕೀಯವಲ್ಲ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು ಕಂಪೆನಿ ಸರಕಾರದ ಕೈಸೇರಿ, ಮಂಗಳೂರಿನ ಆಡಳಿತಕ್ಕೆ ಒಳಪಟ್ಟವು. ಅಲ್ಲಿನ ತೆಂಗಿನ ನಾರಿನ ಹುರಿ ಹಾಯಿಹಡಗುಗಳಲ್ಲಿ ಮಂಗಳೂರಿಗೆ ಬರುತ್ತಿದ್ದಿತು. ಮರಳುವಾಗ ಅಕ್ಕಿ ಹೋಗುತ್ತಿದ್ದಿತು. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಒಂದು ಜಿಲ್ಲೆಯ ಮನೆಯಿಂದ ಒಂದೇ ದಿನ ಮೂರು ದಾರಿ ಹಿಡಿದವರು ನಾವು. ಮರುದಿನ ಬೆಳಗ್ಗೆ ಹಡಗಿನ ಅಂಚಿನಿಂದ ಕಡಮತ್ತಿನ ತೆಂಗಿನ ಸಾಲು ಕಂಡಾಗ, ಹಳೆಯ ನೆರೆಮನೆಗೆ ಬಂದಂತಾಯಿತು.

ಹಡಗು ದಡಕ್ಕೆ ಹೋಗುವುದಿಲ್ಲ. ದ್ವೀಪದ ಸುತ್ತಲೂ ನೀರಿನಡಿಯಲ್ಲಿ ಹವಳದ ದಿಬ್ಬ ಕೋಟೆಯಂತೆ ನಿಂತಿದೆ. ಹೊರಗಡೆ ಲಂಗರು ಹಾಕಿದ ಹಡಗಿನಿಂದ ದೋಣಿಗಿಳಿದು, ದಿಬ್ಬದ ಕಂಡಿಯ ಮೂಲಕ ಒಳಗೆ ಸೇರಬೇಕು. ಹೊರಗೆ ಕಡುನೀಲಿ ನೀರು, ಏಳುಬೀಳುವ ಅಲೆ. ಕಂಡಿ ದಾಟಿದೊಡನೆ ಲಗೂನು ಎಂಬ ಒಳಗಡಲು. ನೀರು ತಿಳಿ ಪಚ್ಚೆ, ತಳದ ಮರಳು ಕಾಣುವಷ್ಟು ನಿರ್ಮಲ. ದ್ವೀಪದ ಉದ್ದ ಸುಮಾರು ೯ ಕಿಲೋಮೀಟರ್. ಅಗಲ ಎಲ್ಲಿಯೂ ಒಂದು ಕಿಲೋಮೀಟರ್ ಇಲ್ಲ. ನೆಲ ಸಮುದ್ರಮಟ್ಟದಿಂದ ಒಂದೆರಡು ಮೀಟರಷ್ಟೇ ಎತ್ತರ. ನದಿಯಿಲ್ಲ, ಗುಡ್ಡವಿಲ್ಲ, ಕೆಂಪು ಮಣ್ಣಿಲ್ಲ. ಕಾಲಡಿಯ ಮರಳನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಎಲ್ಲವೂ ಹವಳದ ಮತ್ತು ಚಿಪ್ಪಿನ ಪುಡಿ. ಆ ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿ ನಿಂತಿರುವುದರಿಂದಲೇ ಬಾವಿಗಳಲ್ಲಿ ಸಿಹಿನೀರು.

ಇಂತಹ ದ್ವೀಪ ನಡುಗಡಲಿನಲ್ಲಿ ಹೇಗೆ ಹುಟ್ಟಿತು? ಡಾರ್ವಿನ್ ೧೮೪೨ರಲ್ಲಿ ಇದಕ್ಕೆ ಉತ್ತರ ಹೇಳಿದನು: ಜ್ವಾಲಾಮುಖಿಯ ಬೆಟ್ಟ ಮೆಲ್ಲಮೆಲ್ಲನೆ ಕುಸಿಯುತ್ತದೆ, ಅದರ ಅಂಚಿನ ಹವಳ ಬೆಳಕನ್ನು ಬಿಡಲಾರದೆ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ, ಕೊನೆಗೆ ಬೆಟ್ಟ ಮುಳುಗಿ ಹವಳದ ಬಳೆ ಉಳಿಯುತ್ತದೆ. ಲಕ್ಷದ್ವೀಪದ ಬುಡದಲ್ಲಿರುವ ಕಡಲಡಿಯ ಬೆಟ್ಟಸಾಲೂ, ಸೋಲಾಪುರ, ಅಕ್ಕಲಕೋಟೆಯ ವಾಚಕರು ಮೆಟ್ಟಿ ನಿಂತಿರುವ ದಖ್ಖನಿನ ಕರಿಗಲ್ಲೂ ಒಂದೇ ಭೂಗರ್ಭದ ಬೆಂಕಿಯಿಂದ ಬಂದವೆಂದು ಭೂವಿಜ್ಞಾನಿಗಳ ಮತ. ಬೆಂಕಿ ಇಟ್ಟ ತಳಪಾಯದ ಮೇಲೆ ಮನೆ ಕಟ್ಟಿದ್ದು ಮಾತ್ರ ಈ ಪುಟ್ಟ ಪ್ರಾಣಿಗಳು.

ಮರುದಿನ ಇಳಿತದ ಹೊತ್ತಿನಲ್ಲಿ ಗೆಳೆಯರು ತಮ್ಮ ಸೋದರಳಿಯನ ದೋಣಿಯಲ್ಲಿ ನನ್ನನ್ನು ಒಳಗಡಲಿಗೆ ಕರೆದೊಯ್ದರು. ಆ ಯುವಕ ಸೂರೆಮೀನು ಹಿಡಿಯುವ ಬೆಸ್ತ. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ತೊಡಿಸಿ, ಸೊಂಟಕ್ಕೆ ತೇಲುಪಟ್ಟಿ ಬಿಗಿದು ನನ್ನನ್ನು ನೀರಿಗಿಳಿಸಿದನು. ಐವತ್ತು ದಾಟಿದ ದೇಹ ಮೊದಲು ಹೆದರಿತು. ಮುಖ ನೀರಿನೊಳಗೆ ಹೋದೊಡನೆ ಹೆದರಿಕೆ ಮರೆತುಹೋಯಿತು.

ಮೊದಲು ಕಂಡದ್ದು ಕಡಲ ಹೂ, ಇಂಗ್ಲಿಷಿನಲ್ಲಿ ಸೀ ಅನೆಮೊನಿ ಎನ್ನುವುದು. ಸೋಮೇಶ್ವರದ ಬಂಡೆಗಳ ಸಂದಿನಲ್ಲಿ ಗುಂಡಿಯಷ್ಟು ಚಿಕ್ಕವನ್ನು ನೋಡಿದ್ದೆನು. ಇಲ್ಲಿನದು ಊಟದ ತಟ್ಟೆಗಿಂತ ಅಗಲ. ನೂರಾರು ಬೆರಳುಗಳು ನೀರಿನ ಓಟಕ್ಕೆ ಗದ್ದೆಯ ಪೈರಿನಂತೆ ಬಾಗುತ್ತಿದ್ದವು. ಆ ಬೆರಳುಗಳೇ ಕರಬಳ್ಳಿಗಳು. ಅವುಗಳಲ್ಲಿ ಕುಟುಕುವ ಕಣಗಳಿವೆ. ಮುಟ್ಟಿದ ಪುಟ್ಟ ಮೀನು ಮರಗಟ್ಟಿ ನಡುವಿನ ಬಾಯಿಗೆ ಸೇರುತ್ತದೆ. ಆದರೆ ಪಟ್ಟೆ ಬಳಿದುಕೊಂಡ ಕೋಡಂಗಿ ಮೀನುಗಳ ಜೋಡಿಯೊಂದು ಅದರೊಳಗೆ ತವರುಮನೆಯಲ್ಲಿದ್ದಂತೆ ಸುಳಿದಾಡುತ್ತಿದ್ದಿತು. ಅವುಗಳ ಮೈಯ ಲೋಳೆ ಅವನ್ನು ಕಾಯುತ್ತದೆ. ಲೋಕದಲ್ಲಿ ಸಾವಿರಕ್ಕೂ ಮಿಕ್ಕ ಪ್ರಭೇದದ ಕಡಲ ಹೂಗಳಿದ್ದರೂ ಈ ಮೀನಿಗೆ ಆಶ್ರಯ ಕೊಡುವವು ಹತ್ತೇ.

ಕಡಲ ಹೂ ಅರ್ಥವಾದರೆ ಹವಳ ಅರ್ಥವಾದಂತೆ. ಒಂದು ಚೀಲ, ಅದಕ್ಕೆ ಒಂದೇ ದ್ವಾರ, ಉಣ್ಣುವುದೂ ಹೊರಹಾಕುವುದೂ ಅಲ್ಲಿಂದಲೇ, ದ್ವಾರದ ಸುತ್ತ ಕರಬಳ್ಳಿ. ಇದಕ್ಕೆ ಪಾಲಿಪ್ ಎಂದು ಹೆಸರು. ಬತ್ತಲೆಯಾಗಿ, ದೊಡ್ಡದಾಗಿ, ಒಂಟಿಯಾಗಿ ಇರುವ ಪಾಲಿಪ್ ಕಡಲ ಹೂ. ಸಾಸಿವೆಯಷ್ಟೋ ಕಡಲೆಯಷ್ಟೋ ಆಗಿ, ಕಡಲ ನೀರಿನ ಸುಣ್ಣವನ್ನು ಹೀರಿ ತನ್ನಡಿಯಲ್ಲಿ ಕಲ್ಲಿನ ಬಟ್ಟಲು ಕಟ್ಟಿಕೊಂಡು, ಮೊಗ್ಗೊಡೆದು ಸಾವಿರವಾಗಿ, ಒಂದೇ ಕೂಡುಕುಟುಂಬವಾಗಿ ಬಾಳುವ ಪಾಲಿಪ್ ಕಲ್ಲುಹವಳ. ಇವೆಲ್ಲವೂ ನೈಡೇರಿಯಾ ಎಂಬ ವಂಶಕ್ಕೆ ಸೇರಿದವು. ಗ್ರೀಕ್ ಭಾಷೆಯಲ್ಲಿ ಆ ಮಾತಿನ ಮೂಲ ತುರಿಕೆಯ ಗಿಡ! ಅದರೊಳಗಿನ ಇವರ ಶಾಖೆಗೆ ಆಂಥೋಜೋವಾ, ‘ಪುಷ್ಪಪ್ರಾಣಿ’, ಎಂದು ಹೆಸರು. ಗಿಡದ ನೆನಪು ವಿಜ್ಞಾನಿಗಳನ್ನೂ ಬಿಟ್ಟಿಲ್ಲ.

ಇನ್ನು ಮುಂದಿನ ವಿಂಗಡಣೆಗೆ ಮಗ್ಗಿ ಬಂದರೆ ಸಾಕು. ಪುಷ್ಪಪ್ರಾಣಿಗಳಲ್ಲಿ ಆರರ ಮಗ್ಗಿಯ ಮನೆತನವೊಂದು, ಎಂಟರ ಮನೆತನವೊಂದು. ಒಳಗಡಲಿನಲ್ಲಿ ಅಣಬೆಯ ಕೊಡೆಯಂತೆ ಮೆತ್ತಗಿದ್ದ ಹವಳದ ಮೇಲೆ ಪಾಲಿಪ್‌ಗಳು ಹಗಲಿನಲ್ಲೇ ಅರಳಿದ್ದವು. ಉಸಿರು ಹಿಡಿದು ಒಂದರ ಕರಬಳ್ಳಿ ಎಣಿಸಿದೆನು: ಎಂಟು, ಪ್ರತಿಯೊಂದರ ಅಂಚಿನಲ್ಲಿ ಹಕ್ಕಿಯ ಗರಿಯಂತಹ ಕುಚ್ಚು. ಮೆದು ಹವಳ, ಕಡಲ ಬೀಸಣಿಗೆ, ಕಡಲ ಲೇಖನಿ ಎಲ್ಲವೂ ಈ ಎಂಟರ ಮನೆಯವು. ಆರರ ಮನೆಯ ಲೆಕ್ಕವನ್ನು ದಡದಲ್ಲಿ ಮಾಡಿದೆನು. ಮರಳಿನಲ್ಲಿ ಬಿದ್ದಿದ್ದ ಕವಲುಹವಳದ ಚೂರೊಂದನ್ನು ಗೆಳೆಯರ ಭೂತಗಾಜಿನಡಿ ಹಿಡಿದಾಗ ಪುಟ್ಟ ಬಟ್ಟಲೊಳಗೆ ಬಂಡಿಗಾಲಿಯ ಅರಗಳಂತೆ ಸುಣ್ಣದ ತೆಳುಗೋಡೆಗಳು: ಆರು ದೊಡ್ಡವು, ನಡುನಡುವೆ ಆರು ಚಿಕ್ಕವು. ಕಲ್ಲುಹವಳ, ಕರಿಹವಳ, ಕಡಲ ಹೂ ಈ ಮನೆಯವು.

ಇದರಿಂದ ಹೊರಡುವ ಮಾತು ಸೋಜಿಗದ್ದು. ಮೆತ್ತನೆಯ ಕಡಲ ಹೂ, ಅಷ್ಟೇ ಮೆತ್ತನೆಯ ಮೆದು ಹವಳಕ್ಕೆ ಹತ್ತಿರದ ನಂಟನಲ್ಲ, ಕಲ್ಲುಹವಳಕ್ಕೆ ನಂಟ. ನಮ್ಮ ತಾಯಂದಿರ ಕರಿಮಣಿಯ ನಡುವೆ ಪೋಣಿಸಿದ ಕೆಂಪು ಹವಳ ಕಲ್ಲಿನಷ್ಟು ಗಟ್ಟಿಯಾದರೂ ಎಂಟರ ಮನೆಯದು. ಹೆಸರಾಂತ ಕೆಂಪು ಹವಳ ಸಿಗುವುದು ದೂರದ ಮೆಡಿಟರೇನಿಯನ್ ಕಡಲಿನಲ್ಲಿ. ಅದು ಇಂತಹ ದಿಬ್ಬ ಕಟ್ಟುವುದೂ ಇಲ್ಲ. ಸಾಸಿವೆ ಬಣ್ಣದ ಕವಲೊಂದರ ಕಡೆಗೆ ನಾನು ಕೈ ಚಾಚಿದಾಗ ಯುವಕ ತಟ್ಟನೆ ತಡೆದನು. ಮುಟ್ಟಿದರೆ ಉರಿಯುವ ಆ ‘ಬೆಂಕಿ ಹವಳ’ ಹವಳವೇ ಅಲ್ಲ. ಟ್ರೆಂಬ್ಲಿಯ ಹೈಡ್ರಾದ ಬಳಗದ್ದು. ಗಟ್ಟಿ-ಮೆದು, ಕೆಂಪು-ಬಿಳಿ ಎಂಬ ಕಣ್ಣಳತೆ ನೆಂಟಸ್ತಿಕೆಯನ್ನು ಹೇಳಲಾರದು.

ಕಲ್ಲುಹವಳಗಳಲ್ಲಿಯೇ ಲೋಕದಲ್ಲಿ ಒಂದೂವರೆ ಸಾವಿರಕ್ಕೂ ಮಿಕ್ಕ ಪ್ರಭೇದಗಳಿವೆ. ಲಕ್ಷದ್ವೀಪದಲ್ಲಿ ಗುರುತಿಸಿರುವವು ನೂರಕ್ಕೂ ಹೆಚ್ಚು. ಅವನ್ನು ಎಣಿಸಿ ಹೆಸರಿಸಿದವರಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾಲಯದ ಸಿ. ಎಸ್. ಗೋಪಿನಾಥ ಪಿಳ್ಳೆಯವರ ಹೆಸರು ಮುಖ್ಯ. ಜಿಂಕೆಯ ಕೊಂಬಿನಂತಹ ಆಕ್ರೊಪೋರಾ, ಮಿದುಳಿನ ಸುರುಳಿ ಹೊತ್ತ ಗುಂಡುಹವಳ, ಅಣಬೆಯನ್ನು ಬೋರಲು ಹಾಕಿದಂತೆ ಒಂಟಿಯಾಗಿ ಬಿದ್ದಿರುವ ಫಂಜಿಯಾ, ಬಂಡೆಯಂತೆ ಕೂತ ಪೋರೈಟಿಸ್. ಇವನ್ನು ವಿಂಗಡಿಸುವುದು ಸುಲಭವಲ್ಲ. ಒಂದೇ ಪ್ರಭೇದ ಅಲೆ ಬಡಿಯುವೆಡೆ ಗಿಡ್ಡವಾಗಿ, ಶಾಂತ ನೀರಿನಲ್ಲಿ ನೀಳವಾಗಿ ಬೆಳೆಯುತ್ತದೆ. ಬಹುಕಾಲ ಫಾವಿಯಾ ಎಂದು ಕರೆಯುತ್ತಿದ್ದ ನಮ್ಮ ಕಡಲುಗಳ ಗುಂಡುಹವಳಗಳು ಅಟ್ಲಾಂಟಿಕದ ಫಾವಿಯಾದ ದಾಯಾದಿಗಳಲ್ಲವೆಂದು ಡಿ. ಎನ್. ಎ. ಪರೀಕ್ಷೆ ತೋರಿಸಿದ ಮೇಲೆ, ೨೦೧೨ರಲ್ಲಿ ಅವಕ್ಕೆ ಬೇರೆ ಹೆಸರು ಬಂದಿತು. ಪಂಡಿತರೇ ಚೀಟಿ ಬದಲಿಸುತ್ತಿರುವಾಗ ನಾನೊಬ್ಬ ಬದಲಿಸಲು ನಾಚುವುದೇಕೆ?

ಒಂದು ಪೋರೈಟಿಸ್ ಬಂಡೆ ನನ್ನ ಎತ್ತರವನ್ನು ಮೀರಿದ್ದಿತು. ಈ ಜಾತಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮರದ ಸುತ್ತುಬಳೆಗಳಂತೆ ಅದರೊಳಗೂ ವರ್ಷವರ್ಷದ ಪಟ್ಟಿಗಳಿರುತ್ತವೆ. ಲೆಕ್ಕ ಹಾಕಿದರೆ, ಹುರಿ ತುಂಬಿದ ಹಡಗುಗಳು ಮಂಗಳೂರಿಗೆ ಹೊರಡುತ್ತಿದ್ದ ಕಾಲದಲ್ಲಿ ಆ ಬಂಡೆ ಎಳೆಯದಾಗಿದ್ದಿರಬೇಕು.

ಆದರೆ ಅದರ ಸುತ್ತ ಕಂಡದ್ದು ಮನಸ್ಸಿಗೆ ಹಿತವಾಗಲಿಲ್ಲ. ಕವಲುಹವಳದ ಪೊದೆಗಳು ಸತ್ತು, ಕೊಳೆಬಣ್ಣದ ಪಾಚಿ ಹೊದ್ದು, ಮುರಿದ ಸೌದೆಯಂತೆ ಹರಡಿದ್ದವು. ಕಾರಣ ತಿಳಿಯಲು ಹವಳದ ಇನ್ನೊಂದು ಗುಟ್ಟನ್ನು ಹೇಳಬೇಕು. ಅದರ ಜೀವಕೋಶಗಳ ಒಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಊಟ. ಹವಳದ ಬಣ್ಣ ಬಹುಪಾಲು ಅವುಗಳದೇ. ಹಾಗಾಗಿ ಪ್ರಾಣಿ ಕಲ್ಲು ಕಟ್ಟುತ್ತದೆ, ಸಸ್ಯ ಅದಕ್ಕೆ ಉಣಿಸುತ್ತದೆ. ಕಲ್ಲೆಂದ ಕೋಶಕಾರನೂ, ಗಿಡವೆಂದ ಮಾರ್ಸಿಲಿಯೂ, ಪ್ರಾಣಿಯೆಂದ ಪೇಸೊನೆಲ್ಲೂ ತಲಾ ಒಂದು ಮೂಲೆಯನ್ನು ಹಿಡಿದಿದ್ದರು. ಬಾಡಿಗೆದಾರನನ್ನು ಬಿಟ್ಟು ಮನೆಯೊಡೆಯನನ್ನು ಕಂಡವನು ಪೇಸೊನೆಲ್ ಒಬ್ಬನೇ.

ಕಡಲ ನೀರು ವಾಡಿಕೆಯ ಬೇಸಿಗೆಯ ಬಿಸಿಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಸಂಸಾರ ಮುರಿಯುತ್ತದೆ. ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸೀತು. ಇಲ್ಲವಾದರೆ ಹಸಿದು ಸಾಯುತ್ತದೆ. ಕಡಲ ಹೂಗಳೂ ಹೀಗೆ ಬಿಳಿಚುವುದುಂಟು. ೧೯೯೮, ೨೦೧೦, ೨೦೧೬, ಮತ್ತೆ ೨೦೨೪ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ವಿಜ್ಞಾನಿಗಳು ೨೪ ವರ್ಷ ಲೆಕ್ಕವಿಟ್ಟಿದ್ದಾರೆ: ೧೯೯೮ರಲ್ಲಿ ದಿಬ್ಬದ ನೂರರಲ್ಲಿ ಸುಮಾರು ೩೭ ಪಾಲು ಜೀವಂತ ಹವಳವಿದ್ದರೆ, ೨೦೨೨ರ ಹೊತ್ತಿಗೆ ಉಳಿದದ್ದು ಸುಮಾರು ೧೯.

ಯುವಕನು ಇದನ್ನು ತನ್ನದೇ ರೀತಿಯಲ್ಲಿ ಹೇಳಿದನು. ಸೂರೆಮೀನನ್ನು ಅವರು ಗಾಳದ ಕೋಲಿನಿಂದ ಹಿಡಿಯುತ್ತಾರೆ. ಅದಕ್ಕೆ ಜೀವಂತ ಪುಟ್ಟಮೀನುಗಳನ್ನು ಎರಚಬೇಕು. ಆ ಪುಟ್ಟಮೀನುಗಳಲ್ಲಿ ಹಲವಕ್ಕೆ ಒಳಗಡಲಿನ ಹವಳದ ಕವಲೇ ಮನೆ. “ಹವಳ ಸತ್ತರೆ ಇರೆಮೀನು ಇಲ್ಲ, ಇರೆಮೀನು ಇಲ್ಲದಿದ್ದರೆ ಸೂರೆಯಿಲ್ಲ” ಎಂದನು. ಸ್ವಲ್ಪ ತಡೆದು, ದೂರದಲ್ಲಿ ದಿಬ್ಬದ ಮೇಲೆ ಒಡೆಯುತ್ತಿದ್ದ ಬಿಳಿನೊರೆಯ ಸಾಲನ್ನು ತೋರಿಸಿ, “ಆ ಅಲೆ ಅಲ್ಲಿ ಒಡೆಯದಿದ್ದರೆ ನಮ್ಮ ಅಂಗಳದಲ್ಲಿ ಒಡೆಯುತ್ತದೆ” ಎಂದನು. ಇದಕ್ಕಿಂತ ಚೆನ್ನಾಗಿ ನಾನು ಯಾವ ಪಾಠದಲ್ಲಿಯೂ ಹೇಳಲಾರೆನು.

ಹೊರಡುವ ದಿನ ಬೆಳಗ್ಗೆ ದಡದಲ್ಲಿ ಅಂದವಾದ ಬಿಳಿಯ ಕವಲೊಂದು ಸಿಕ್ಕಿತು. ನಮ್ಮ ಕಪಾಟಿನದಕ್ಕಿಂತ ದೊಡ್ಡದು. ಸತ್ತದ್ದಲ್ಲವೇ, ಮಕ್ಕಳಿಗೆ ಒಯ್ಯೋಣವೆಂಬ ಆಸೆ ಒಂದು ಕ್ಷಣ ಮೂಡಿತು. ೨೦೦೧ರಿಂದ ಕಲ್ಲುಹವಳ, ಕರಿಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲಿ, ಸೇರಿವೆ. ಕಾನೂನಿನ ಮಾತು ಹಾಗಿರಲಿ. ಇಂದಿನ ಈ ತುಂಡೇ ನಾಳಿನ ಮರಳು, ಆ ಮರಳೇ ಈ ದ್ವೀಪ. ಇದ್ದಲ್ಲಿಯೇ ಇಟ್ಟು ಬರಿಗೈಯಲ್ಲಿ ದೋಣಿ ಹತ್ತಿದೆನು.

ರಜೆ ಮುಗಿದು ಶಾಲೆ ತೆರೆದ ದಿನ ಏಳನೆಯ ತರಗತಿಗೆ ಹೋಗಿ ಕಪಾಟಿನ ಹವಳವನ್ನು ಮೇಜಿನ ಮೇಲಿಟ್ಟೆನು. ಹಳೆಯ ಚೀಟಿಯನ್ನು ಎಲ್ಲರ ಮುಂದೆ ಬಿಚ್ಚಿ, ಅದರಲ್ಲಿದ್ದುದು ತಪ್ಪೆಂದೂ, ಬರೆದವನು ನಾನೆಂದೂ, ತಪ್ಪು ತೋರಿಸಿದವಳು ಯಾರೆಂದೂ ಹೇಳಿದೆನು. ಹೊಸ ಚೀಟಿಯನ್ನು ಆ ಬಾಲಿಕೆಯಿಂದಲೇ ಬರೆಯಿಸಿದೆನು: ‘ಹವಳ – ಪ್ರಾಣಿಗಳು ಕಟ್ಟಿದ ಸುಣ್ಣದ ಮನೆ’. ಅವಳು ಬರೆದು ಮುಗಿಸಿ, “ಇದರಲ್ಲಿ ಎಷ್ಟು ಪ್ರಾಣಿಗಳಿದ್ದವು ಸರ್?” ಎಂದಳು. ಬಟ್ಟಲುಗಳನ್ನು ಎಣಿಸಿ ನೋಡಿ ಎಂದೆನು. ಎರಡು ಕವಲು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಎಣಿಕೆ ನಾನೂರು ದಾಟಿದ್ದಿತು.

ಈ ಪತ್ರಿಕೆ ಗಡಿಯ ಆಚೀಚೆಯ ಎಷ್ಟೋ ಕನ್ನಡ ಮನೆಗಳಿಗೆ ಹೋಗುತ್ತದೆ. ಅವುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳೂ ಇವೆ. ಅವರೀಗ ತಂದೆತಾಯಿಗಳಾಗಿದ್ದಾರೆ. ಹವಳವು ಸಮುದ್ರದ ಗಿಡವೆಂದು ಮೇಷ್ಟರು ಕಲಿಸಿದ್ದರೆಂದು ಅವರಲ್ಲಿ ಯಾರಾದರೂ ಮಕ್ಕಳಿಗೆ ಹೇಳಿದ್ದರೆ, ದಯವಿಟ್ಟು ತಿದ್ದಿ ಹೇಳಲಿ. ಅಮ್ಮನ ಕರಿಮಣಿಯಲ್ಲಿ ಒಂದು ಕೆಂಪು ಮಣಿ ಇದ್ದರೆ ಅದನ್ನು ತೋರಿಸಿ, ಇದು ಒಮ್ಮೆ ಜೀವವಿದ್ದ ಮನೆ ಎಂದು ಹೇಳಿದರೂ ಸಾಕು.